ಕುಲುಮೆಯ ದಿಕ್ಕಿನಲ್ಲಿ

ಅಡುಗೆಮನೆಯ ಹೀಟರು ಕೆಟ್ಟು ಮೂರು ದಿನ.
ನಡುರಾತ್ರಿಯ ಸೂಪು ಬಡಿಸಿ, ಪಾತ್ರೆ ಬೋರಲು ಹಾಕಿ
ನಿಯೇವೆಸ್ ಕೊಲ್ಕೆ ನನ್ನ ಕಂಟ್ರೋಲ್ ರೂಮಿಗೆ ಬರುತ್ತಾಳೆ,
ಎರಡು ಹಳೇ ಸ್ವೆಟರು ಕಂಕುಳಲ್ಲಿ.
ಹೊರಗೆ ಅಟಕಾಮಾದ ಚಳಿ,
ಉಪ್ಪಿನ ಬಯಲೂ ಚಟಪಟ ಬಿರಿಯುವಂಥದು.

ಶಟರು ತೆರೆದಿದ್ದೇನೆ. ನಲವತ್ತು ನಿಮಿಷ
ಯಾರೂ ಏನೂ ಮುಟ್ಟುವಂತಿಲ್ಲ.
ಕನ್ನಡಿಯ ಮೇಲೆ ತೊಟ್ಟುತೊಟ್ಟಾಗಿ ಬೀಳುತ್ತಿದೆ
ಆರು ಕೋಟಿ ವರ್ಷದ ಹಿಂದೆ ಹೊರಟ ಬೆಳಕು.

'ಯಾವುದು ಇವತ್ತು?'
ಕುಲುಮೆ ಎಂಬ ಪುಂಜದ ಕಡೆಗಿರುವ ದೊಡ್ಡದು, ಅಂದೆ.
ಹೆಸರಿಗಷ್ಟೇ ಕುಲುಮೆ. ತಿದಿ ನಿಂತು ಯಾವ ಕಾಲವಾಯಿತೋ,
ಇದ್ದ ಅನಿಲವೆಲ್ಲ ಎಳವೆಯಲ್ಲೇ ಉರಿದು ತೀರಿ
ಉಳಿದದ್ದು ಕೆಂಪಡರಿದ ಮುದಿ ನಕ್ಷತ್ರ,
ಲಕ್ಷ ಕೋಟಿ ಲೆಕ್ಕದಲ್ಲಿ.
ತೆರೆಯತ್ತ ಬಗ್ಗಿ ನೋಡಿದಳು. ತೋಳಿಲ್ಲ, ಸುಳಿಯಿಲ್ಲ,
ಬೆರಳು ತಾಗಿ ಹರಡಿದ ಸುಣ್ಣದ ಬೊಟ್ಟು,
ಎಲ್ಲಿ ಮುಗಿಯುತ್ತದೆಂದು ಹೇಳಲಾಗದ ಮಸುಕು.
'ಇಷ್ಟಕ್ಕಾ ಈ ಪಾಟಿ ಬೆಟ್ಟದ ನೆತ್ತಿ ಕಡಿದದ್ದು?'

ಒಂದು ಸ್ವೆಟರು ತೀರಿಹೋದ ಗಂಡನದು, ಬೂದಿ ಬಣ್ಣ.
ಇನ್ನೊಂದು ಅವನ ಮೊದಲ ಹೆಂಡತಿ
ತನಗೆಂದು ಹೆಣೆದುಕೊಂಡದ್ದು, ಕಂದು.
ಕೊನೆಯ ಗಂಟು ಹುಡುಕಿ, ಹಲ್ಲಲ್ಲಿ ಕಚ್ಚಿ ಬಿಡಿಸಿ
ಎಡ ಹೆಬ್ಬೆರಳಿಗೆ ಸುತ್ತತೊಡಗಿದಳು.
ಹೀಗೊಂದು ಸುತ್ತು, ಹಾಗೊಂದು, ಅಡ್ಡಕ್ಕೆ, ಓರೆಗೆ,
ಬೂದಿಯ ಮೇಲೆ ಕಂದು, ಕಂದಿನ ಮೇಲೆ ಬೂದಿ.

ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಅಲ್ಲೇ ಇತ್ತು.
ಎರಡು ಸುರುಳಿ ಒಂದರೊಳಗೊಂದು ಹಾಯ್ದು,
ಉದ್ದಕ್ಕೆ ಬಾಲ ಚಾಚಿ, ತಿರುಗಿ ಬಂದು, ಮತ್ತೆ ಹಾಯ್ದು
ಒಂದೇ ದಿಕ್ಕಿಗೆ ತಿರುಗುವ ಶಿಸ್ತು ಹೋಗಿ
ನಕ್ಷತ್ರಕ್ಕೊಂದು ದಾರಿ.
ಆಮೇಲೆ ಹತ್ತಿರ ಸುಳಿದ ಸಣ್ಣಪುಟ್ಟ ಗೆಲಾಕ್ಸಿಗಳು
ತುಂಡು ದಾರದ ಹಾಗೆ ಹೊರಮೈಗೆ ಸುತ್ತಿಕೊಂಡವು.

'ಡಿಕ್ಕಿ ಹೊಡೆಯಲಿಲ್ಲವಾ ನಕ್ಷತ್ರಗಳು?'
ಇಲ್ಲ. ನಡುನಡುವೆ ಅಷ್ಟು ಬಯಲು.
ನಕ್ಕಳು. ಅವನ ಐದು ಮಕ್ಕಳು, ನನ್ನ ಮೂರು,
ತೊಕೊನಾವೊದಲ್ಲಿ ಎರಡು ಕೋಣೆಯ ಮನೆ.
ನಮ್ಮಲ್ಲೂ ಯಾರೂ ಯಾರಿಗೂ ತಾಗಲಿಲ್ಲ.
ಮೊದಲು ನಡೆದಂತೆ ಮಾತ್ರ ಯಾರೂ ನಡೆಯಲಿಲ್ಲ.
ಅವನ ಹಿರಿಮಗಳು ಎಸ್ಮೆರಿಯಾ
ತಟ್ಟೆ ಹಿಡಿದು ಬಾಗಿಲಾಚೆ ಕೂತು ಉಣ್ಣುತ್ತಿದ್ದಳು,
ಎರಡು ವರ್ಷ.

ಇನ್ನು ಹನ್ನೊಂದು ನಿಮಿಷ.
ಸುಮ್ಮನಿರಲಾರದೆ ಕಪ್ಪುಕುಳಿಗಳ ಸಂಗತಿ ಹೇಳಿದೆ:
ಎರಡೂ ಕಡೆಯವು ನಡುವಿಗೆ ಇಳಿದು
ಒಂದನ್ನೊಂದು ಸುತ್ತುತ್ತ ಹತ್ತಿರವಾಗುವಾಗ
ಅಡ್ಡ ಬಂದ ನಕ್ಷತ್ರಗಳನ್ನೆಲ್ಲ ಕವಣೆಕಲ್ಲಿನಂತೆ ಬೀಸಿ ಎಸೆಯುತ್ತವೆ.
ಅದಕ್ಕೇ ಇಷ್ಟು ದೊಡ್ಡದರ ನಟ್ಟನಡುವೆ
ಬೆಳಕು ತುಸು ತೆಳು.

ಕೇಳಿಸಿಕೊಂಡಳೋ ಇಲ್ಲವೋ.
ದಾರದ ತುದಿ ಸಿಕ್ಕಿಸಿ, ಉಂಡೆಯಿಂದ
ಹೆಬ್ಬೆರಳು ಎಳೆದುಕೊಂಡಳು.
ಅದರ ಗಾತ್ರದ್ದೇ ಒಂದು ತೂತು ಉಳಿಯಿತು.

ಯಾರಿಗೆ ಇದು, ಎಂದೆ.
'ಎಸ್ಮೆರಿಯಾಗೆ. ಬಣ್ಣ ಬೇರೆ ಮಾಡಬೇಡ ಅಂದಿದ್ದಾಳೆ.
ಸವೆದ ಎಳೆ ಬಿಟ್ಟರೆ ದಾರ ಸಾಲದು,
ತೋಳಿಲ್ಲದ್ದೇ ಆದೀತಂತೆ.'

ಶಟರು ಮುಚ್ಚಿಕೊಂಡಿತು.
ಇಬ್ಬರೂ ಒಮ್ಮೆ ಆ ಸದ್ದಿನ ಕಡೆ ನೋಡಿದೆವು.