ನಡುವಿನ ಒಂದು ನಿಮಿಷ

ಐದು ನಿಮಿಷ ಅವರದು.
ನಡುವಿನ ಒಂದು ನಿಮಿಷ ನನ್ನದು:
ಐಸು, ಹತ್ತಿ, ವ್ಯಾಸಲೀನು,
ಡಬ್ಬಿಯಲ್ಲಿ ತಣ್ಣಗಿಟ್ಟ ಉಕ್ಕಿನ ಬಿಲ್ಲೆ.
ನಿನ್ನೆಯ ಕಾಳಗ ಹೇಗಿತ್ತು ರೌಶಾನ್, ಯಾರು ತಯಾರು,
ಯಾರನ್ನು ಬೆಲ್ಟಿಗೆ ನಿಲ್ಲಿಸಲಿ ಎಂದು ಕೇಳುತ್ತೀಯಲ್ಲ ಕೈರ್ಗೆಲ್ದಿ,
ನಾನು ಕಂಡದ್ದು ಕಾಳಗವನ್ನಲ್ಲ,
ಸ್ಟೂಲಿನ ಮೇಲೆ ಕೂತ ಮುಖಗಳನ್ನು.

ಮೊದಲು ಇದನ್ನು ಬರೆದುಕೋ: ಹೀಟರ್ ಬೇಕು.
ಹಾಕಿ ಅಂಕಣದ ಐಸಿನ ಮೇಲೆ ಹಲಗೆ ಹಾಸಿ
ಹಲಗೆಯ ಮೇಲೆ ಪಂಜರ ನಿಲ್ಲಿಸಿದೆ.
ಹೊರಗೆ ಕರಗಂಡದ ಮೈನಸ್ ಇಪ್ಪತ್ತೆಂಟು,
ಮಸಿ ಕೂತ ಹಿಮ.
ಒಳಗೆ, ಮೊದಲ ಸುತ್ತು ಮುಗಿಯುವವರೆಗೂ
ಹುಡುಗರದು ಮರದ ಪಾದ.

ಮೊದಲನೆಯದು ಲೆಕ್ಕಕ್ಕಿಲ್ಲ.
ಓಶ್‌ನಿಂದ ಬಂದವನು ಹತ್ತೊಂಬತ್ತು ಸೆಕೆಂಡಿಗೆ ಮಲಗಿದ.
ನಾನಿನ್ನೂ ಕೈಗವಸು ಏರಿಸುತ್ತಿದ್ದೆ.
ಅವನಣ್ಣ ತಂದ ಟವೆಲ್ಲಿನ ಮಡಿಕೆಯೂ ಮುರಿದಿರಲಿಲ್ಲ.

ಎರಡನೆಯದು ಹೆಂಗಸರದು. ಜನ ಚಹಾಕ್ಕೆ ಎದ್ದುಹೋದರು.
ಹೋದವರಿಗೆ ನಷ್ಟ.
ಜನಿಲ್ ಬೆನ್ನಿಗೆ ಬಿದ್ದಳೆಂದರೆ ಬೇತಾಳ, ಇಳಿಯುವ ಮಾತಿಲ್ಲ.
ಎರಡನೆಯ ಬಿಡುವಿನಲ್ಲಿ, ಕತ್ತಿನ ಹಿಂದೆ ಐಸು ಒತ್ತುತ್ತಿದ್ದಾಗ
ಮೆಲ್ಲಗೆ ಕೇಳಿದಳು:
ಅಕ್ಕಾ, ಕೊನೆಯ ಬಸ್ಸು ಹನ್ನೊಂದಕ್ಕೋ ಹನ್ನೊಂದೂವರೆಗೋ?
ಹನ್ನೊಂದು ಎಂದೆ.
ತೋಳಿಗೆ ಪಟ್ಟು ಹಾಕಿ ಮುಗಿಸಿ, ಬಸ್ಸು ಹಿಡಿದಳು.
ಅವಳನ್ನು ನಿಲ್ಲಿಸು. ಕೇಳುವವರಿದ್ದರೆ
ನಾನೇ ಹೇಳಿದೆ ಅನ್ನು.

ನಿನ್ನ ಪೋಸ್ಟರಿನ ರೋಡಿಯೋನ್ ಪಾಕ್.
ಒದೆತ ಚೆಂದ, ನಡಿಗೆ ಚೆಂದ, ಹೌದಪ್ಪ.
ಆದರೆ ಆ ಚರ್ಮ ಹಳೆಯ ಪತ್ರದ ಮಡಿಕೆ,
ಪ್ರತಿ ಸಲ ಅದೇ ಹುಬ್ಬು, ಅದೇ ಗೆರೆಯಲ್ಲಿ ಹರಿಯುತ್ತದೆ.
ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದರು ತೀರ್ಪುಗಾರರು.
ಅವನು ಗೆದ್ದ. ಹುಬ್ಬು ಸೋತಿತು.
ಇನ್ನೆರಡು ಕಾಳಗ, ಆಮೇಲೆ ಕಾರು ಮಾರಲಿ.

ಇನ್ನು ಮಕ್ಸುತ್.

ಇಪ್ಪತ್ತು ವರ್ಷದ ಹಿಂದೆ ಗಣಿಯ ಆಸ್ಪತ್ರೆಯಲ್ಲಿ
ಅವನ ಹಣೆ ಹೊಲಿದವಳು ನಾನು.
ದೀಪ ಕೈಕೊಟ್ಟಿತ್ತು, ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು,
ಇದ್ದಿಲ ಪುಡಿ ಪೂರ್ತಿ ತೆಗೆಯಲಾಗಲಿಲ್ಲ.
ಒಳಗೆ ಇದ್ದಿಲು ಉಳಿದರೆ ಗಾಯ ನೀಲಿಯಾಗಿ ಮಾಯುತ್ತದೆ.
ನಿನ್ನೆ ಅವನ ಮುಖ ಎಲ್ಲೆಲ್ಲೋ ಒಡೆಯಿತು,
ಆ ನೀಲಿ ಗೆರೆ ಮಾತ್ರ ಬಾಯಿ ಬಿಡಲಿಲ್ಲ.

ಎದುರಿಗೆ ಇಪ್ಪತ್ತೆರಡರ ಯೆರ್ನಾರ್. ಉಸಿರೇ ಏರದ ಹುಡುಗ.
ಎರಡು ಸುತ್ತು ಮುದುಕ ಅವನನ್ನು ಬಲೆಗೆ ಒತ್ತಿ ಹಿಡಿದ,
ಬಾಗಿಲು ಒತ್ತಿ ಹಿಡಿದವನ ಹಾಗೆ.
ಮೂರನೆಯದರಲ್ಲಿ ಬಾಗಿಲು ತೆರೆಯಿತು.

ಬಿಡುವಿನಲ್ಲಿ ಡಾಕ್ಟರು ಬೆರಳೆತ್ತಿ, ಎಷ್ಟು ಎಂದ.
ಮಕ್ಸುತ್ ನನ್ನ ಕಡೆ ತಿರುಗಿದ, ಕಣ್ಣಿಂದಲ್ಲ, ಕಿವಿಯಿಂದ.
ಟವೆಲ್ಲಿನ ಮರೆಯಲ್ಲಿ
ಅವನ ಮಂಡಿಯ ಮೇಲೆ ಎರಡು ಸಲ ತಟ್ಟಿದೆ.
ಎರಡು, ಎಂದ.
ಗಂಟೆ ಬಾರಿಸಿತು.

ಆಮೇಲಿನದು ನಿನ್ನ ಕ್ಯಾಮರಾದಲ್ಲಿದೆ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ,
ಅಲ್ಲಿ ಮಣ್ಣೇ ಇಲ್ಲ ಮಾರಾಯ,
ಜಾಹೀರಾತು ಬಳಿದ ಪ್ಲಾಸ್ಟಿಕ್ ಬಟ್ಟೆ.
ನಿಮಿಷ ಕಳೆದು ಎದ್ದು ಕೂತು,
ಮುಂದಿನದು ಎಷ್ಟನೇ ಸುತ್ತು ಎಂದು ಕೇಳಿದ.

ಯೆರ್ನಾರ್ ತಯಾರು, ಬರೆದುಕೋ.
ಪಟ್ಟಿ ಕತ್ತರಿಸುವಾಗ ಅವನ ಕೈ ನಡುಗುತ್ತಿತ್ತು,
ನನ್ನ ಕತ್ತರಿಯೂ.
ಮಕ್ಸುತನ ಹೆಸರು ತೆಗೆ. ಅವನು ಜಗಳಕ್ಕೆ ಬಂದರೆ ನನ್ನ ಹತ್ತಿರ ಕಳಿಸು.
ನನ್ನ ಹೆಸರು
ನೀನೇ ನೋಡಿಕೋ.

ಹೀಟರ್ ಮರೆಯಬೇಡ.