ಇಪ್ಪತ್ತೆರಡು ಮಾರು

ಮೊದಲ ದಿನ ಜುಜೆ ನನ್ನನ್ನು ಹತ್ತಿಸಲೇ ಇಲ್ಲ.
ನೆಲದಿಂದ ಮೊಣಕಾಲೆತ್ತರಕ್ಕೆ ನೇತುಹಾಕಿ
ಬೀಡಿ ಹಚ್ಚಿದ.
"ಕೂರು" ಅಂದ. ಕೂರುವುದೆಂದರೆ
ಎರಡೂ ಕೈ ಬಿಟ್ಟು, ತೊಡೆಗೆ ಬಿಗಿದ ಪಟ್ಟಿಗೆ
ಮೈಯ ಪೂರಾ ಭಾರ ಒಪ್ಪಿಸುವುದು.
ಮೊಣಕಾಲೆತ್ತರ! ಬಿದ್ದರೆ ತರಗೆಲೆ ನಕ್ಕೀತು, ಅಷ್ಟೆ.
ಆದರೂ ಬೆರಳುಗಳು ಹಗ್ಗಕ್ಕೆ
ಬಂಡೆ ಕಚ್ಚಿದ ಕಲ್ವದ ಹಾಗೆ.

ಗಂಟು ನನಗೆ ಹೊಸದಲ್ಲ.
ಬೈತಖೋಲದ ದಕ್ಕೆಯಲ್ಲಿ ಬೆಳೆದವಳು,
ಕಣ್ಣುಮುಚ್ಚಿ ಬಲೆ ಹೆಣೆಯಬಲ್ಲೆ,
ದೋಣಿ ಕಟ್ಟುವ ಗಂಟು ಏಳು ಥರದ್ದು ಗೊತ್ತು.
ಅದನ್ನೇ ಹೇಳಿ ಗಿಟ್ಟಿಸಿದ ಕೆಲಸ ಇದು:
ದೇವಿಮನೆ ಘಟ್ಟದ ಮೇಲಿನ ಕಾಡಲ್ಲಿ
ಮಂಗಗಳಿಗಿಂತ ಮೊದಲು ಸುರಹೊನ್ನೆಯ ಕಾಯಿ ಇಳಿಸಿ
ಶಿರಸಿಯ ನರ್ಸರಿಗೆ ಮುಟ್ಟಿಸುವ ಕೂಲಿ.
ಆದರೆ ದಕ್ಕೆಯ ಗಂಟುಗಳೆಲ್ಲ ಅಡ್ಡ ಎಳೆಯುವಂಥವು.
ಒಂದೂ ನನ್ನನ್ನು ಮೇಲೆತ್ತಿರಲಿಲ್ಲ.

ಎರಡನೇ ವಾರ ಎಸೆತ.
ಸೀಸದ ಗುಂಡಿಗೆ ತೆಳು ದಾರ ಕಟ್ಟಿ
ಕಾಲುಗಳ ನಡುವೆ ತೂಗಿ, ತೂಗಿ, ಬಿಡಬೇಕು.
ಇದು ಮಾತ್ರ ಬಂತು. ಗಾಳದ ಕೈ.
ಮೂರನೇ ಎಸೆತಕ್ಕೇ ಕೊಂಬೆ ದಾಟಿತು.
ಜುಜೆ ಮೆಚ್ಚಲಿಲ್ಲ: "ಅದು ಒಣಗಿದ್ದು. ಎಲೆ ಉಂಟಾ ನೋಡು.
ತೊಡೆಯಷ್ಟು ದಪ್ಪ ಉಂಟಾ ನೋಡು.
ಆಮೇಲೆ ಇಬ್ಬರೂ ಜೋತುಬಿದ್ದು ನೋಡುವಾ.
ಮರ ಬೇಡ ಅನ್ನೋದಾದ್ರೆ
ನಾವು ಕೆಳಗಿರುವಾಗಲೇ ಅನ್ನಲಿ."

ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ, ಮೂರು ಸುತ್ತು.
ಭಾರ ಬಿದ್ದರೆ ಕಚ್ಚುತ್ತದೆ, ಭಾರ ತೆಗೆದರೆ ಸರಿಯುತ್ತದೆ.
ಕಾಲಿನ ಕುಣಿಕೆಯಲ್ಲಿ ನಿಲ್ಲು, ಸೊಂಟದ ಗಂಟು ಸರಿಸು,
ಕೂರು. ಕಾಲಿನ ಗಂಟು ಸರಿಸು. ನಿಲ್ಲು.
ಸಲಕ್ಕೆ ಒಂದು ಗೇಣು, ಹೆಚ್ಚೆಂದರೆ ಮೊಳ.
ಒಂದೇ ಒಂದು ಎಚ್ಚರ ಅವನು ಎರಡು ಸಲ ಹೇಳಿದ:
ಜಾರಿದೆ ಅನ್ನಿಸಿದರೆ ಗಂಟನ್ನು ಮಾತ್ರ ಹಿಡಿಯಬೇಡ.
ಹಿಡಿದರೆ ಅದರ ಕಚ್ಚು ಸಡಿಲಾಗುತ್ತದೆ,
ಹೆದರಿ ಅಪ್ಪಿದವರನ್ನೇ ಅದು ಕೆಳಗೆ ಒಯ್ಯುವುದು.

ಆ ರಾತ್ರಿ ಶೆಡ್ಡಿನ ಚಾಪೆಯ ಮೇಲೆ
ಕೈ ಬಿಡುವುದನ್ನು ಕಲಿತೆ,
ಮುಷ್ಟಿ, ಅಂಗೈ, ಮುಷ್ಟಿ, ಅಂಗೈ,
ಪಕ್ಕದವಳು "ಯಾರನ್ನ ಕರೀತೀಯೆ ಸುಗಂಧಾ, ಮಲಗು"
ಎಂದು ಬೈಯುವವರೆಗೆ.

ಹತ್ತನೇ ಮಾರಿನಲ್ಲಿ ಚಗಳಿ ಇರುವೆ ಕುತ್ತಿಗೆ ಹತ್ತಿದವು.
ಹದಿನಾಲ್ಕರಲ್ಲಿ ಕೆಳಗೆ ನೋಡಿಬಿಟ್ಟೆ.
ಜುಜೆಯ ಹೆಲ್ಮೆಟ್ಟು ಒಂದು ಹಳದಿ ಗುಳಿಗೆ.
ಮೊಣಕಾಲು ನಡುಗಿ ಕುಣಿಕೆ ತಾನೇ ಕುಣಿಯಿತು.
ಕೆಳಗಿನಿಂದ ಧೈರ್ಯದ ಮಾತು ಬರಲಿಲ್ಲ.
"ತೊಗಟೆ ಯಾವ ಬಣ್ಣ?" ಎಂದು ಕೂಗಿದ.
ನೋಡಿದೆ. ಹಳದಿ, ಬೂದು, ಉದ್ದಕ್ಕೂ ಬಿರುಕು,
ಬಿರುಕೆಲ್ಲ ದೋಣಿಯಾಕಾರ,
ಬಂದರು ಬಂದ್ ಆದಾಗ ಮರಳಿಗೆ ಎಳೆದು ಸಾಲಾಗಿಟ್ಟಂತೆ.
ಒಂದರಲ್ಲಿ ಜೇಡ ಸಂಸಾರ ಹೂಡಿತ್ತು.
ಕೂಗಿ ಹೇಳುತ್ತ ಹೋದೆ.
ಹೇಳುತ್ತಲೇ ಎರಡು ಗೇಣು ಏರಿದ್ದೆ.

ತುದಿಯಿಂದ ಕಡಲು ಕಾಣುತ್ತದೆ ಅಂದುಕೊಂಡಿದ್ದೆ.
ಕಾಣಲಿಲ್ಲ. ಹಸಿರು, ಅದರಾಚೆ ಮಂಜು, ಒಂದು ಮೊಬೈಲ್ ಟವರು.
ಆಗ ಗಾಳಿ ಬಂತು. ಇಡೀ ಮರ ನಿಧಾನ
ಎಡಕ್ಕೆ ವಾಲಿ, ಅಲ್ಲೇ ಒಂದು ಉಸಿರು ನಿಂತು, ಬಲಕ್ಕೆ ಬಂತು.
ಇದನ್ನು ನನ್ನ ಮೈ ಬಲ್ಲದು.
ಅಜ್ಜನ ದೋಣಿಯ ಕೂವೆಗೆ ಈ ಮರವನ್ನೇ ಕಡಿದಿದ್ದರಂತೆ.
ಬೇರು ಬಿಟ್ಟ ಕೂವೆಯ ಮೇಲೆ
ಎರಡೂ ಕೈ ಬಿಟ್ಟು ಕೂತಿದ್ದೆ ನಾನು.
ಯಾವಾಗ ಬಿಟ್ಟೆನೋ.
ಕಾಯಿ ಕೀಳಲು ಬಿಟ್ಟಿರಬೇಕು.

ಇಳಿದ ಮೇಲೆ ಜುಜೆ ಚೀಲ ಸುರುವಿ ಎಣಿಸಿದ. ಮುನ್ನೂರ ಹನ್ನೊಂದು.
ಹುಳ ಹಿಡಿದ ಒಂಬತ್ತನ್ನು ಬೇರೆ ಇಟ್ಟ.
ನಾನು ಎರಡೂ ತೋಳು ಚಾಚಿ, ಚಾಚಿ, ಹಗ್ಗ ಅಳೆದೆ.
ರಾತ್ರಿ ಅಪ್ಪನಿಗೆ ಫೋನು: "ಇಪ್ಪತ್ತೆರಡು ಮಾರು!"
ಆ ಕಡೆ ದಕ್ಕೆಯ ಗದ್ದಲ, ಐಸ್ ಒಡೆಯುವ ಸದ್ದು.
"ಅಷ್ಟು ನೀರಲ್ಲಿ," ಅಪ್ಪ ಯೋಚಿಸಿ ಹೇಳಿದ,
"ಇಸವಾಣ ಸಿಗ್ತದೆ."