ಮಣಿ ಕಟ್ಟುವ ಹೊತ್ತು

ಅಗೊಂದದ ಇಗರ್ಜಿ ಮುಂದೆ ಏಳಕ್ಕೆ ಸೇರಿ ಅಂದಿದ್ದಳು ಅರ್ಮಿಂಡಾ.
ನಾವು ಆರು ಜನ. ಪುಣೆಯ ಜೋಡಿಯ ಬೂಟು ಹೊಸದು,
ನನ್ನದು ಉಂಗುಟ ಹೊಲಿಸಿದ ಚಪ್ಪಲಿ.
ದುಡ್ಡು ಕಟ್ಟಿದ ಸೊಸೆ ಹೇಳಿದ್ದಳು:
"ನಡಿಗೆ ಅಷ್ಟೇ ಅತ್ತಿ, ರುಚಿ ನೋಡೋದು ನಿಮ್ಮಿಷ್ಟ."

ಬಲಕ್ಕೆ ಗುಡ್ಡ, ಎಡಕ್ಕೆ ಕಡಲು.
ಜಂಬಿಟ್ಟಿಗೆ ನೆಲ ಏಪ್ರಿಲ್ ಬಿಸಿಲಿಗೆ
ಆಗಲೇ ಕಾದ ಹಂಚು.
ಅರ್ಮಿಂಡಾ ನಿಂತು ನಿಂತು ತೋರಿಸುತ್ತಾಳೆ:
ಇದು ಕವಳಿಹಣ್ಣು, ಅದು ಬತ್ತದ ಬಾವಿ,
ಇಲ್ಲಿ ನಮ್ಮಜ್ಜನಿಗೆ ಹಾವು ಕಚ್ಚಿದ್ದು.
ಹಾವು ಸತ್ತಿತು, ಅಜ್ಜ ಸಾಯಲಿಲ್ಲ.

ಭಟ್ಟಿ ಕಾಣುವ ಮೊದಲೇ ವಾಸನೆ.
ನನ್ನ ಕಾಲು ನಿಂತವು.
ಗದಗಿನ ಓಣಿಯಲ್ಲಿ ಚಿಲಕದ ಸದ್ದಾದರೆ
ಅವ್ವ ಕಂದೀಲು ಸಣ್ಣ ಮಾಡುತ್ತಿದ್ದಳು,
ನಾವು ಮೂವರೂ ನಿದ್ದೆ ಬಂದವರಂತೆ ಉಸಿರಾಡುತ್ತಿದ್ದೆವು.
ಐವತ್ತು ವರ್ಷವಾದರೂ ಮೂಗು ಮರೆತಿಲ್ಲ.

ಆದರೆ ಇದು,
ಒಂದು ಹೆಜ್ಜೆ ಇಟ್ಟೆ, ಇನ್ನೊಂದು,
ಇದು ಹಣ್ಣು.
ಹಳದಿ, ಕೆಂಪು, ಉದುರಿ ಒಡೆದು ನೊಣ ಮುತ್ತಿದ ಗೇರುಹಣ್ಣು.
ಕಲ್ಲಿನ ತೊಟ್ಟಿಯಲ್ಲಿ ಇನಾಸ್
ಗೋಡೆಗೆ ಮಣ್ಣು ತುಳಿದಂತೆ ತುಳಿಯುತ್ತಿದ್ದ.

ಮಡಕೆಯಿಂದ ನಳಿಗೆ, ನಳಿಗೆಯಿಂದ ಹನಿ.
ಅವನು ಕುಡಿಯುವುದಿಲ್ಲವಂತೆ, ಹನ್ನೊಂದು ವರ್ಷವಾಯಿತು.
ಸೀಸೆ ಕುಲುಕಿ ಬೆಳಕಿಗೆ ಹಿಡಿದ:
ಅಂಚಿನ ಸುತ್ತ ಸಣ್ಣ ಗುಳ್ಳೆ
ಮಣಿಸರದ ಹಾಗೆ ಕಟ್ಟಿ ನಿಂತವು.
"ಬೇಗ ಒಡೆದರೆ ಇನ್ನೂ ನೀರು, ನಿಂತರೆ ಆಯಿತು,"
ಅವನ ಕೊಂಕಣಿಯನ್ನು ಅವಳು ಹಿಂದಿ ಮಾಡಿದಳು.
ಕಣ್ಣಲ್ಲೇ ರುಚಿ ನೋಡಿ ಕೆಳಗಿಡುವ ಗಂಡಸನ್ನು
ನಾನು ಕಂಡದ್ದು ಅದೇ ಮೊದಲು.

ಮೊದಲ ಗುಟುಕು ಉರ್ರಾಕು:
ಲಿಂಬೆ, ಉಪ್ಪು, ಸೀಳಿದ ಖೋಲೆಯ ಮೆಣಸಿನಕಾಯಿ.
ಎರಡನೆಯದು ಫೇಣಿ, ಬರೀ ಫೇಣಿ.
ನಾಲಿಗೆಯ ಮೇಲೆ ಬೆಂಕಿ ಓಡಿಹೋಗಿ
ಹಿಂದೆ ಹಣ್ಣು ಕುಂಟುತ್ತ ಬಂತು.
ಮೂರನೆಯದನ್ನು ಕೈಯಲ್ಲೇ ಹಿಡಿದು ಕೂತೆ.
ಕೆಳಗೆ ಕಡಲು ಬಂಡೆ ತೊಳೆಯುತ್ತಿತ್ತು, ತೊಳೆದದ್ದನ್ನೇ.
"ಹೇಗಿದೆ ಆಂಟಿ?" ಪುಣೆಯ ಹುಡುಗಿ ಕೇಳಿದಳು.
"ಬಿಸಿ" ಅಂದೆ.

ಸಂಜೆ ಮಡಗಾಂವ್ ಬಸ್ಸಿನಲ್ಲಿ
ನನ್ನ ಚೀಲದ ಸೀಸೆಗೆ ಬಿರಡೆ ಸಡಿಲ.
ವಾಸನೆ ಟಿಕೆಟ್ಟಿಲ್ಲದೆ
ಸೀಟಿನಿಂದ ಸೀಟಿಗೆ ನಡೆದುಹೋಯಿತು.
ಕಂಡಕ್ಟರು ನನ್ನ ಕುಂಕುಮ ನೋಡಿದ, ಚೀಲ ನೋಡಿದ,
ಪಕ್ಕದ ಗಂಡಸನ್ನು ಗದರಿದ.
ನಾನು ಕಿಟಕಿಯ ಕಡೆ ತಿರುಗಿ
ನಿದ್ದೆ ಬಂದವಳಂತೆ ಉಸಿರಾಡಿದೆ.